ಎಂಟನೇ ಗೋಲು

ಮೂವತ್ನಾಕು ವರ್ಷ ವರ್ಕ್‌ಶಾಪಿನ್ಯಾಗ ಪಗಾರ ಹಂಚಿದಾಂವ ನಾನು.
ಭೋಂಗಾ ಹೊಡದ ಮ್ಯಾಲೆ ಕಿಟಕಿ ತಗದು
ಎಣ್ಣಿ ಹತ್ತಿದ ಕೈಗೆ ನೋಟು ಎಣಿಸಿ ಕೊಟ್ಟಾಂವ.
ಆಗ ಒಂದ ಪ್ರಶ್ನಿ ಇತ್ತು: ಎಷ್ಟು ಕೊಡಬೇಕು?
ಈಗ ಗದಗ ರೋಡಿನ ತಗಡಿನ ಆಫೀಸಿನ್ಯಾಗ ಕುಂತು
ಫುಟ್‌ಬಾಲ್ ಟೀಮಿನ ಖಾತೆ ಬರೀತೀನಿ.
ಪ್ರಶ್ನಿ ತಿರಗಿ ಬಿದ್ದೈತಿ:
ಎಷ್ಟು ಕೊಡಬಾರದು?

ಲೀಗಿನವರು ಗೆರಿ ಎಳದಾರ, ಅರವತ್ತು ಲಕ್ಷ.
ಶ್ರೀಮಂತ ಟೀಮಿಗೂ ಅಷ್ಟ, ನಮಗೂ ಅಷ್ಟ.
ಹೋದ ವರ್ಷ ಉಳಿಸಿದ ಒಂದು ಲಕ್ಷ ನಲವತ್ತು ಸಾವಿರ
ಹಳೇ ಉಪ್ಪಿನಕಾಯಿ ಹಂಗ ಈ ವರ್ಷಕ್ಕ ಬಂದೈತಿ.
ಹತ್ತೊಂಬತ್ತು ಹುಡುಗರಿಗೆ ಐವತ್ನಾಕು ಲಕ್ಷ ಇಪ್ಪತ್ತೈದು ಸಾವಿರ.
ಇಲ್ಲೀತನಕ ಕೂಡಿಸೂದು, ಕಳಿಯೂದು. ಯಾರ ಬೇಕಾದರೂ ಮಾಡ್ಯಾರು.

ಮುಂದ ಎಫ್ರಾಯಿಮ್ ಬರ್ತಾನ.
ಗೋಲ್‌ಕೀಪರ್. ಮೂರು ವರ್ಷಕ್ಕ ಸಹಿ ಹಾಕಿ
ಮುಂಗಡ ಇಸಕೊಂಡು, ಮೊಣಕಾಲು ಹೋಗಿ
ಒಂದ ವರ್ಷಕ್ಕ ಕೈಗವಸು ಬಿಚ್ಚಿಟ್ಟ.
ಈಗ ಕೇಶ್ವಾಪುರದಾಗ ಪಂಕ್ಚರ್ ಅಂಗಡಿ.
ಆದರ ಅವನ ಮುಂಗಡದ ಉಳಿದ ಪಾಲು,
ಮೂರು ಲಕ್ಷ ಇಪ್ಪತ್ತು ಸಾವಿರ,
ಇನ್ನೂ ನಮ್ಮ ಗೆರಿಯೊಳಗ ಕುಂತೈತಿ.
ಕೊಡೂದು ಎಂದೋ ಕೊಟ್ಟಾಗೈತಿ, ಎಣಿಸೂದು ಮುಗದಿಲ್ಲ.
ಎದ್ದು ಹೋದಾಂವನ ತಾಟು ಪಂಕ್ತಿಯೊಳಗ ಹಂಗ ಐತಿ,
ಅಲ್ಲಿ ಯಾರೂ ಕುಂದ್ರೂ ಹಂಗಿಲ್ಲ.

ಆಮ್ಯಾಲೆ ಬೋನಸ್.
ನಿಯಮ ಹೇಳತೈತಿ: ಹೋದ ವರ್ಷ ಮಾಡಿದ್ದನ್ನ
ಈ ವರ್ಷನೂ ಮಾಡ್ತಾನಂತ ಹಿಡಿ.
ಮಾಡದಿದ್ದದ್ದನ್ನ ಮಾಡೂದಿಲ್ಲಂತ ಹಿಡಿ.
ಇಷ್ಟು ಬಿರುಸಿನ ದೇವರು ನಮ್ಮ ಕಡೆ ಯಾವ ಗುಡಿಯಾಗೂ ಇಲ್ಲ.
ಹಂಗ ಹಿಡದರ ಒಂದು ಲಕ್ಷ ಎಪ್ಪತ್ತೈದು ಸಾವಿರ.
ಎಲ್ಲಾ ಹೋಗಿ ಉಳಿದ ಜಾಗ
ಎರಡು ಲಕ್ಷ ಇಪ್ಪತ್ತು ಸಾವಿರ.

ಬೆಟಗೇರಿ ನಿಂಗರಾಜ ಕೇಳೂದು ಎರಡು ಲಕ್ಷ ಅರವತ್ತು.
ಎಡಗಾಲಿನ ಹುಡುಗ. ಚೆಂಡು ಸಿಕ್ಕರ
ಮಗ್ಗದಾಗಿನ ಲಾಳಿ ಹಂಗ ಆಕಡೆಯಿಂದ ಈಕಡೆ...
ಇಲ್ಲ, ಮಗ್ಗದ ಮಾತು ಬ್ಯಾಡ,
ಅವರಪ್ಪ ಮಗ್ಗ ಮಾರಿ ವರ್ಷಾತು.
ಓಡತಾನ ಅಂದರ ಸಾಕು.

ನಲವತ್ತು ಸಾವಿರ ಕಮ್ಮಿ.
ನಮ್ಮನ್ಯಾಗ ಇರಲಿ, ಉಣ್ಣಲಿ ಅಂದೆ,
ಮ್ಯಾಲಿನ ಖೋಲಿ ಖಾಲಿ ಐತಿ.
ಸೆಕ್ರೆಟರಿ ಮುಧೋಳ್ಕರ ನಿಯಮದ ಪುಸ್ತಕ ತಗದರು:
ವಸತಿ, ಊಟ, ಸೈಕಲ್ಲು, ಎಲ್ಲಾ ಪಗಾರನ.
ಗಂಗೂ ಬಡದ ರೊಟ್ಟಿಗೂ ರೇಟು ಹಚ್ಚಬೇಕು.
ಅಕಿಗೆ ಹೇಳಿದೆ. ನಕ್ಕಳು:
"ನಲವತ್ತು ವರ್ಷದ್ದು ಬಾಕಿ ಐತಿ, ಮೊದಲ ಅದನ್ನ ಬರೀರಿ."

ರಾತ್ರಿ ಮತ್ತ ಬೋನಸ್ ಪಟ್ಟಿ ತಗದೆ.
ಮಕ್ತುಮಹುಸೇನ: ಎಂಟು ಗೋಲು ಹೊಡದರ ನಲವತ್ತು ಸಾವಿರ.
ಹೋದ ವರ್ಷ ಬರೋಬ್ಬರಿ ಎಂಟು ಹೊಡದಾನ.
ಏಳ ಆಗಿದ್ದರ ಈ ಸಾಲು ಸೊನ್ನಿ,
ನಿಂಗರಾಜ ನಾಳೆ ಬಸ್ ಹತ್ತತಿದ್ದ.

ಆ ಎಂಟನೇದು ನನಗ ನೆನಪೈತಿ.
ಕಡೀ ಪಂದ್ಯ, ನಾವು ಮೂರು ಗೋಲು ಹಿಂದ,
ಜನ ಎದ್ದು ಹೊಂಟಿದ್ದರು,
ಗ್ಯಾಲರಿಯೊಳಗ ಶೇಂಗಾ ಸಿಪ್ಪಿ ಅಷ್ಟ ಉಳದಿತ್ತು.
ಯಾವ ಕೆಲಸಕ್ಕೂ ಬಾರದ ಗೋಲು.
ಅಂವ ಇಬ್ಬರನ್ನ ದಾಟಿ, ಮೂರನೇದಾಂವನ ಕಾಲಾಗ ಹಾಸಿ ಹೊಡದ.
ನಾನೊಬ್ಬನ ಎದ್ದು ನಿಂತು
ಟೊಪ್ಪಿಗಿ ಹಾರಿಸಿದ್ದೆ.

ಮುಂಜಾನೆ ಕೇಶ್ವಾಪುರಕ್ಕ ಹೋದೆ.
ಗಾಡಿ ಪಂಕ್ಚರ್ ಏನಾಗಿರಲಿಲ್ಲ.
"ಎಫ್ರಾಯಿಮ್, ನೀ ಇನ್ನೂ ನಮ್ಮ ಲೆಕ್ಕದಾಗ ಅದಿಯಪಾ."
ಟ್ಯೂಬು ನೀರಾಗ ಅದ್ದಿ, ಗುಳ್ಳಿ ಎಲ್ಲಿ ಏಳತಾವಂತ ನೋಡಕೋತ
ತಲಿ ಎತ್ತದ ಕೇಳಿದ:
"ಹೌದ್ರೀ? ಎಷ್ಟಕ್ಕ ಅದೀನಿ?"